ನನ್ನ ಎಲೆಗೆ ಬೀಳದ ಉಪ್ಪು

ನನಗಿರುವುದು ಲೋ ಬಿಪಿ. ಊಟ ಚೂರು ತಡವಾದರೂ ಕಣ್ಣು ಕತ್ತಲಿಡುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕೊಪ್ಪದ ಡಾಕ್ಟರು ನೀರು ಚೆನ್ನಾಗಿ ಕುಡಿಯಿರಿ, ಉಪ್ಪು ಬಿಡಬೇಡಿ ಎಂದಿದ್ದಾರೆ. ಇದನ್ನು ನೆಂಟರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಆದರೂ ನಾನು ಹೋದಲ್ಲೆಲ್ಲ ನನಗೆಂದೇ ಒಂದು ಸಪ್ಪೆ ಸಾರು ಕಾದಿರುತ್ತದೆ.

ಮೊನ್ನೆ ಭಂಡಿಗಡಿಯ ಅಣ್ಣನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಂಗಳಾರತಿಯಾಗಿ ಎಲೆ ಹಾಕುವಾಗಲೇ ಮಧ್ಯಾಹ್ನ ಮೂರು ಗಂಟೆ. ಎಲ್ಲರ ಎಲೆಯ ತುದಿಗೂ ಉಪ್ಪು ಬಡಿಸುತ್ತ ಬಂದ ಅತ್ತಿಗೆ ನನ್ನ ಎಲೆಯೊಂದನ್ನು ಬಿಟ್ಟು ಮುಂದೆ ಹೋದರು.

"ಅತ್ತಿಗೆ, ನಂಗೆ ಉಪ್ಪು?"

"ನಿಂಗೆ ಬಿಪಿ ಇದ್ಯಲ್ಲೇ."

"ನಂದು ಲೋ ಬಿಪಿ! ಡಾಕ್ಟ್ರೇ ಉಪ್ಪು ತಿನ್ನು ಅಂದಿದಾರೆ!"

"ಲೋ ಆದ್ರೆಂತ, ಹೈ ಆದ್ರೆಂತ ಮಾರಾಯ್ತಿ, ಬಿಪಿ ಬಿಪಿಯೇ."

ಸಿಟ್ಟು ನೆತ್ತಿಗೇರಿತು. ಉಪ್ಪಿನ ಬಟ್ಟಲನ್ನು ನಾನೇ ತರುತ್ತೇನೆಂದು ನೆಲದಿಂದ ಧಡಕ್ಕನೆ ಎದ್ದೆ. ಎದ್ದದ್ದಷ್ಟೇ ನೆನಪು, ತಲೆ ತಿರುಗಿ ಅಲ್ಲೇ ಕುಸಿದೆ.

ಕಣ್ಣು ಬಿಟ್ಟಾಗ ಅತ್ತಿಗೆ ನನಗೆ ಗಾಳಿ ಹಾಕುತ್ತ, ಸುತ್ತ ನಿಂತವರಿಗೆ ಹೇಳುತ್ತಿದ್ದರು: "ನೋಡಿ, ಉಪ್ಪು ಹಾಕ್ದೇ ಇದ್ದಿದ್ದೇ ಒಳ್ಳೇದಾಯ್ತು. ಹಾಕಿದ್ರೆ ಇನ್ನೆಂತ ಆಗ್ತಿತ್ತೋ!"