ಸಿಸ್ಟರ್ ಮಡಿಸಿದ ಬೆರಳುಗಳು

ಮೂಳೆ ವಾರ್ಡಿನ ಹಿರಿಯ ಸಿಸ್ಟರ್ ರೋಗಿಗಳ ಮಾತು ಕೇಳುತ್ತಾ ಒಂದೊಂದೇ ಬೆರಳು ಮಡಿಸುವುದನ್ನು ನೋಡಿ, ಡ್ಯೂಟಿ ಮುಗಿಯಲು ಇನ್ನೆಷ್ಟು ಗಂಟೆ ಎಂದು ಎಣಿಸುತ್ತಿದ್ದಾರೆಂದೇ ನಾನು ಮೂರು ದಿನ ನಂಬಿದ್ದೆ. ನಾಲ್ಕು ಜನಕ್ಕೆ ಹೇಳಿಯೂ ಇದ್ದೆ. ಕತೆ ಬರೆಯುವ ನನ್ನಂಥವನಿಗೆ ಮನುಷ್ಯರನ್ನು ಓದುವುದು ನೀರು ಕುಡಿದಷ್ಟು ಸಲೀಸು ಎಂಬುದು ನನ್ನ ನಂಬಿಕೆ.

ನಾಲ್ಕನೆಯ ಬೆಳಿಗ್ಗೆ ಚಿಕ್ಕಪ್ಪ ಮನೆಗೆ ಹೊರಡಬೇಕಿತ್ತು. ಸೊಂಟದ ಆಪರೇಷನ್ ಚೆನ್ನಾಗಿ ಆಗಿತ್ತು. ಚಿಕ್ಕಮ್ಮ ಬ್ಯಾಗು ಕಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಬಂದ ಹೊಸ ಡಾಕ್ಟರು "ನೋವಿದೆಯಾ?" ಎಂದು ಕೇಳಿ, ಉತ್ತರದ ಅರ್ಧಕ್ಕೇ ಬೇಸತ್ತು, ಚಾರ್ಟಿನಲ್ಲಿ 'ಇನ್‌ಕೊಹೆರೆಂಟ್' ಎಂದು ಗೀಚಿ ಹೋದರು. ಮನೆಯ ಮಾತು ಅಲ್ಲಿಗೆ ನಿಂತಿತು. ಇನ್ನು ತಲೆಯ ಸ್ಕ್ಯಾನು, ಬೇರೆ ವಾರ್ಡು, ಮತ್ತೊಂದು ವಾರ.

ನಾನು ಗಂಟಲು ಸರಿಮಾಡಿಕೊಂಡೆ. "ಗಾಬರಿ ಬೇಡ ಚಿಕ್ಕಮ್ಮ. ಇನ್‌ಕೊಹೆರೆಂಟ್, ಡಿಸ್‌ಜಾಯಿಂಟೆಡ್, ರ್‍ಯಾಂಬ್ಲಿಂಗ್, ಎಲ್ಲ ಒಂದೇ. ತಲೆಬುಡ ಇಲ್ಲದ ಮಾತು ಅಂತ."

"ನಲವತ್ತು ವರ್ಷದಿಂದ ಹಾಗೇ ಮಾತಾಡ್ತಾರಲ್ಲೋ," ಅಂದರು ಚಿಕ್ಕಮ್ಮ.

ಪಕ್ಕದ ಮಂಚದ ಹಾಸು ಬದಲಿಸುತ್ತಿದ್ದ ಸಿಸ್ಟರ್ ತಿರುಗಿದರು. "ಒಂದೇ ಅಂತ ಯಾರು ಹೇಳಿದ್ದು ನಿಮಗೆ?" ಸ್ಟೂಲು ಎಳೆದುಕೊಂಡು ಕೂತರು. "ಯಜಮಾನ್ರೇ, ನೋವಿದೆಯಾ?" ಹೆಬ್ಬೆರಳು ಮಡಿಸಿದರು.

ಚಿಕ್ಕಪ್ಪನದು ಗಡಿಯಾರ ರಿಪೇರಿಯ ಅಂಗಡಿ. "ನೋವಿನ ವಿಷಯ ಅಂದ್ರೆ ನೋಡಮ್ಮ, ಆ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ." ಎರಡನೆಯ ಬೆರಳು. ಗಡಿಯಾರದಿಂದ ಅಂಗಡಿಗೆ, ಅಂಗಡಿಯಿಂದ ಹಿಟ್ಟಿನ ಡಬ್ಬಿಯಲ್ಲಿ ವಾಚು ಬೀಳಿಸಿಕೊಂಡ ಗಿರಾಕಿಗೆ. ನಾಲ್ಕು ಬೆರಳು. ನಾನು ಆಕಳಿಸಿದೆ.

"ಹಿಟ್ಟು ಕೊಡವಿದೆ, ವಾಚು ಓಡ್ತು." ಒಂದು ಬಿಚ್ಚಿತು. "ಆಮೇಲೆ ಅಂಗಡಿಗೂ ಹೆಸರು ಬಂತು." ಇನ್ನೊಂದು. "ಅದಕ್ಕೇ ಅಂದೆ, ಸ್ಟೂಲು ಕೊಟ್ರೆ ಈ ಗಡಿಯಾರಾನೂ ಸರಿಮಾಡ್ತೀನಿ. ಹತ್ತಬಹುದು, ಈಗ ನೋವಿಲ್ಲ."

ಕೈ ಪೂರಾ ಬಿಚ್ಚಿಕೊಂಡಿತು.

"ಹತ್ತಿ ಹತ್ತಿ, ಆ ಕಡೆ ಸೊಂಟ ಇನ್ನೂ ಬಾಕಿ ಇದೆ," ಅಂದರು ಚಿಕ್ಕಮ್ಮ.

ಸಿಸ್ಟರ್ ನನ್ನ ಕಡೆ ನೋಡಿದರು. "ಹೊಸ ವಿಷಯ ಶುರುವಾದ್ರೆ ಒಂದು ಬೆರಳು ಮಡಿಸ್ತೀನಿ, ಆ ವಿಷಯ ಮುಗಿದ್ರೆ ಬಿಚ್ತೀನಿ. ಬೆರಳೆಲ್ಲ ಬಿಚ್ಚಿದ್ರೆ ರ್‍ಯಾಂಬ್ಲಿಂಗ್. ಊರೆಲ್ಲ ಸುತ್ತಿ ಮನೆ ಸೇರೋ ಮಾತು. ಮಡಿಸಿದ್ದು ಹಾಗೇ ಉಳಿದ್ರೆ ಡಿಸ್‌ಜಾಯಿಂಟೆಡ್. ತುಂಡು ತುಂಡು, ಆದ್ರೆ ಒಂದೊಂದು ತುಂಡೂ ಅರ್ಥ ಆಗತ್ತೆ. ಯಾವ ಬೆರಳು ಮಡಿಸೋದು ಅಂತಲೇ ತಿಳೀದಿದ್ರೆ ಇನ್‌ಕೊಹೆರೆಂಟ್."

ಇಪ್ಪತ್ತೆಂಟು ವರ್ಷ ಇದೇ ವಾರ್ಡಿನಲ್ಲಿದ್ದವರು, ಇಂಗ್ಲಿಷನ್ನು ಚಾರ್ಟುಗಳಿಂದಲೇ ಕಲಿತವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾವೇ ಅವಸರದಲ್ಲಿ ಬರೆದ ಒಂದು ಪದದಿಂದ, ತಲೆ ನೆಟ್ಟಗಿದ್ದ ದರ್ಜಿಯೊಬ್ಬರು ಹನ್ನೆರಡು ದಿನ ಬೇರೆ ವಾರ್ಡಿನಲ್ಲಿ ಕೊಳೆಯಬೇಕಾಯಿತಂತೆ. ಅಂದಿನಿಂದ ಈ ಬೆರಳು.

ಸಿಸ್ಟರ್ ಹೋಗಿ ಡಾಕ್ಟರನ್ನು ಕರೆತಂದು ಅದೇ ಸ್ಟೂಲಿನಲ್ಲಿ ಕೂರಿಸಿದರು. ಹನ್ನೊಂದು ನಿಮಿಷ, ಹಿಟ್ಟಿನ ಡಬ್ಬಿ ಸಮೇತ. ಕೊನೆಗೆ "ನೋವಿಲ್ಲ" ಬಂದಾಗ ಡಾಕ್ಟರು ಚಾರ್ಟಿನ ಆ ಪದ ಹೊಡೆದುಹಾಕಿ, ಮನೆಗೆ ಕಳಿಸುವ ಕಾಗದಕ್ಕೆ ಸಹಿ ಮಾಡಿದರು.

ಬ್ಯಾಗು ಹಿಡಿದು ಹೊರಡುವಾಗ ನನಗೆ ಸುಮ್ಮನಿರಲಾಗಲಿಲ್ಲ. "ಸಿಸ್ಟರ್, ಮೂರು ದಿನದಿಂದ ನನ್ನ ಮಾತೂ ಕೇಳಿದ್ದೀರಲ್ಲ. ನನ್ನದು ಯಾವ ಜಾತಿಗೆ ಸೇರತ್ತೆ?"

"ನಿಮ್ಮದಕ್ಕೆ ಒಂದೇ ಬೆರಳು ಸಾಕಾಯ್ತು," ಅಂದರು. "ನಿಮ್ಮ ವಿಷಯ ಬಿಟ್ಟು ಬೇರೆ ಏನೂ ಮಾತಾಡೇ ಇಲ್ವಲ್ಲ ನೀವು."