ಹೆಸರು ಮಾತ್ರ ಬದಲಿಸಿದ್ದೆ

ಲವಂಗದ ವಾಸನೆ. ಚನ್ನರಾಯಪಟ್ಟಣದ ಒಂದು ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತಿತ್ತು. ಚಟಕ್ಕೆ ಬಿದ್ದ ಮಕ್ಕಳ ಜೊತೆ ಹೇಗೆ ಮಾತಾಡಬೇಕು ಎಂದು ಹೇಳಿಕೊಡಲು ನನ್ನನ್ನು ಕರೆಸಿದ್ದರು. ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಪಕ್ಕದ ನಲ್ಲಿಯ ಹತ್ತಿರ ನಿಂತಿದ್ದ ಶಿಕ್ಷಕಿಯೊಬ್ಬರು ಪುಟ್ಟ ಡಬ್ಬಿ ತೆಗೆದು ಒಂದು ಲವಂಗ ಬಾಯಿಗೆ ಹಾಕಿಕೊಂಡರು. ತೊಳೆಯುತ್ತಿದ್ದ ಕೈ ನೀರಿನ ಕೆಳಗೇ ನಿಂತುಬಿಟ್ಟಿತು.

"ಅಕ್ಕ, ಗುರ್ತು ಸಿಗ್ಲಿಲ್ವಾ? ಖೋಖೋ ಟೀಮು... ಡ್ರಿಲ್ ಮೇಷ್ಟ್ರ ಸ್ಕೂಲು" ಎಂದರು ಅವರು.

ಸಿಕ್ಕಿತು. ಆಗ ಒಂಬತ್ತನೇ ತರಗತಿಯಲ್ಲಿದ್ದ ಹುಡುಗಿ. ಇನ್ನೊಂದು ಮಾತು ಆಡುವಷ್ಟರಲ್ಲಿ ಗಂಟೆ ಹೊಡೆಯಿತು. ಮಧ್ಯಾಹ್ನ ನಾನು ಹೇಳಬೇಕಿದ್ದ ಪಾಠ, ನಂಬಿ ಹೇಳಿದ ಮಾತನ್ನು ಕಾಪಾಡುವುದು ಹೇಗೆ ಎಂಬುದು. ಅವರು ಎರಡನೇ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಏನು ಮಾತಾಡಿದೆನೋ, ನನಗೆ ನೆನಪಿಲ್ಲ.

ಎರಡು ಸಾವಿರದ ಇಸವಿಯ ಆಸುಪಾಸು. ಹಾಸನದಲ್ಲಿ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಎರಡನೇ ವರ್ಷ ಓದುತ್ತಿದ್ದೆ. ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಎಂದು ಊರೂರಿಗೆ ಕಳಿಸುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆ. ಅಲ್ಲಿನ ಮಕ್ಕಳು ಗುಟ್ಕಾ ಹಾಕುತ್ತಾರೆ, ಬೀಡಿ ಸೇದುತ್ತಾರೆ, ಸೈಕಲ್ ಅಂಗಡಿಯ ಪಂಕ್ಚರ್ ಸಲ್ಯೂಷನ್ ಮೂಸುತ್ತಾರೆ ಎಂದು ದೂರಿತ್ತು. ಅವರೊಡನೆ ಆಪ್ತಸಮಾಲೋಚನೆ ಮಾಡಿ ವರದಿ ಬರೆಯಬೇಕಿತ್ತು.

ಮುಖ್ಯೋಪಾಧ್ಯಾಯರು ಪ್ರಯೋಗಾಲಯದ ಮೂಲೆಯಲ್ಲಿ ಒಂದು ಮೇಜು ಹಾಕಿಸಿಕೊಟ್ಟರು. ಡಿಪಾರ್ಟ್‌ಮೆಂಟಿನಲ್ಲಿ ಕೊಟ್ಟಿದ್ದ ಪ್ರಶ್ನಾವಳಿಯನ್ನು ಮಕ್ಕಳಿಗೆ ಹಂಚಿದೆ. ಎಲ್ಲರೂ ಎಲ್ಲ ಪ್ರಶ್ನೆಗೂ 'ಇಲ್ಲ' ಎಂದು ಗುರುತು ಹಾಕಿಕೊಟ್ಟರು. ಬಾಗಿಲಲ್ಲಿ ನಿಂತು ಆ ಹಾಳೆಗಳನ್ನು ನೋಡಿ ಒಬ್ಬರು ಜೋರಾಗಿ ನಕ್ಕರು. ಅವರೇ ಡ್ರಿಲ್ ಮೇಷ್ಟ್ರು. ಐವತ್ತರ ಹತ್ತಿರದವರು. ಕೊರಳಲ್ಲಿ ಸೀಟಿ, ದವಡೆಯಲ್ಲಿ ಸದಾ ಒಂದು ಲವಂಗ.

"ಏನ್ ಮೇಡಮ್ನೋರೆ, ನಮ್ ಸ್ಕೂಲಲ್ಲಿ ಎಲ್ಲಾ ಸನ್ಯಾಸಿಗಳೇ ಅವ್ರಲ್ಲ! ಪೆನ್ನು ಇಡ್ಕಂಡು ಎದ್ರುಗೆ ಕೂತ್ಕಂಡ್ರೆ ನಮ್ಮಪ್ಪನೂ ಇಲ್ಲ ಅಂತ್ಲೇ ಬರೀತಿದ್ದ. ಸಾಯಂಕಾಲ ಫೀಲ್ಡಿಗೆ ಬನ್ನಿ."

ಹೋದೆ. ಆಟ ಮುಗಿದ ಮೇಲೆ ಅವರು ಮಕ್ಕಳಿಗೆ ಒಂದಲ್ಲ ಒಂದು ಕೆಲಸ ಕೊಡುತ್ತಿದ್ದರು. ವಾಲಿಬಾಲ್ ನೆಟ್ಟು ಸುತ್ತುವುದು, ಕಲ್ಲು ಆರಿಸುವುದು, ಸುಣ್ಣದ ಗೆರೆ ಎಳೆಯುವುದು. ಮೇಷ್ಟ್ರು ಅವರ ಮುಖ ನೋಡದೆ ಪಕ್ಕದಲ್ಲೇ ಕೂತು ತಾವೂ ಅದೇ ಕೆಲಸ ಮಾಡುತ್ತಿದ್ದರು. ಹತ್ತು ನಿಮಿಷದಲ್ಲಿ ಮಕ್ಕಳು ತಾವಾಗಿ ಬಾಯಿ ಬಿಡುತ್ತಿದ್ದರು. ಯಾರು ಎಲ್ಲಿ ಕೊಡುತ್ತಾರೆ, ಮೊದಲ ಸಲ ಯಾಕೆ ಹಾಕಿಕೊಂಡೆ, ಮನೆಯಲ್ಲಿ ಏನು ನಡೆಯುತ್ತಿದೆ... ಎರಡು ವರ್ಷದ ಓದಿನಲ್ಲಿ ನನಗೆ ಯಾರೂ ಕಲಿಸದಿದ್ದುದನ್ನು ಆ ಮೈದಾನದಲ್ಲಿ ಕಲಿತೆ.

ಶಾಲೆಯಲ್ಲಿ ಕಿರುಪರೀಕ್ಷೆ ನಡೆಯುತ್ತಿದ್ದ ಒಂದು ಮಧ್ಯಾಹ್ನ ಮೈದಾನ ಖಾಲಿಯಿತ್ತು. ಹೊಂಗೆ ಮರದ ಕೆಳಗೆ ಕೂತು ಮೇಷ್ಟ್ರು ತಮ್ಮ ಕತೆ ಹೇಳಿದರು. ಹಿಂದೆ ಎಂಟು ವರ್ಷ ಕುಡಿದಿದ್ದರಂತೆ. ಬಾಯಿ ವಾಸನೆ ಮುಚ್ಚಲು ಶುರು ಮಾಡಿದ್ದು ಈ ಲವಂಗ. ಒಂದು ಸಲ ಆಗಿನ ಹುಡುಗಿಯರ ಖೋಖೋ ತಂಡವನ್ನು ಅರಕಲಗೂಡಿಗೆ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದರು. ಗೆದ್ದ ಖುಷಿಗೆ ಕುಡಿದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬಿದ್ದುಬಿಟ್ಟರು. ಹುಡುಗಿಯರೇ ಮುಖಕ್ಕೆ ನೀರು ಹಾಕಿ, ಬಸ್ಸಿಗೆ ಹತ್ತಿಸಿ, ನಡುವೆ ಕೂರಿಸಿಕೊಂಡು ಊರಿಗೆ ಕರೆತಂದರು. ತಂತಮ್ಮ ಮನೆಯಲ್ಲಿ, ಬಸ್ಸು ತಡವಾಯಿತು ಎಂದರು.

"ಒಬ್ಳಾದ್ರೂ ಬಾಯ್ ಬುಟ್ಟಿದ್ರೆ ನನ್ ಕೆಲ್ಸ ಓಗ್ತಿತ್ತು. ಒಬ್ಳೂ ಬುಡ್ಲಿಲ್ಲ ಕಣಮ್ಮ. ಮಾರನೇ ದಿನ ಬಂದು ನಮಸ್ತೆ ಸಾ ಅಂದ್ವು. ಅವತ್ತು ಬುಟ್ಟೋನು, ಇವತ್ಗೂ ಮುಟ್ಟಿಲ್ಲ. ಲವಂಗ ಒಂದು ಉಳ್ಕತು" ಎಂದರು. ಆಮೇಲೆ ನನ್ನ ಚೀಲದ ಕಡೆ ನೋಡಿ, "ಇದು ನಿಮ್ ಪುಸ್ತಕಕ್ಕಲ್ಲ" ಎಂದರು.

"ಇಲ್ಲ ಸಾರ್" ಎಂದೆ.

ಅದೇ ಸಂಜೆ ಹಾಸನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎಲ್ಲವನ್ನೂ ಬರೆದುಕೊಂಡೆ. ಮರೆತುಹೋದೀತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಹಿಂದಿನ ವಾರವಷ್ಟೇ ನಮ್ಮ ಮಾರ್ಗದರ್ಶಕರು ನನ್ನ ವರದಿಯನ್ನು ಮೇಜಿನ ಮೇಲೆ ಹಾಕಿ, "ಇದರಲ್ಲಿ ಜೀವ ಇಲ್ಲಮ್ಮ" ಎಂದಿದ್ದರು. ಈಗ ಜೀವ ಸಿಕ್ಕಿತ್ತು.

ಮುಂದಿನ ತಿಂಗಳು ಡಿಪಾರ್ಟ್‌ಮೆಂಟಿನಲ್ಲಿ ಪ್ರಕರಣಗಳನ್ನು ಮಂಡಿಸುವ ದಿನ. ಸುತ್ತಲಿನ ಶಾಲೆಗಳವರನ್ನೂ ಕರೆದಿದ್ದರು. ಹೆಸರು ಬದಲಿಸಬೇಕು ಎಂಬುದು ನಿಯಮ. ಬದಲಿಸಿದ್ದೆ. ಹೆಸರು ಮಾತ್ರ. ಬಸ್‌ಸ್ಟ್ಯಾಂಡು, ಬೆಂಚು, ಲವಂಗ ಎಲ್ಲ ಇದ್ದ ಹಾಗೆ ಓದಿದೆ. ಮಾರ್ಗದರ್ಶಕರು ತಲೆದೂಗಿದರು. ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಕಾಫಿಯ ಹೊತ್ತಿಗೆ ವಯಸ್ಸಾದ ಒಬ್ಬರು ಹತ್ತಿರ ಬಂದು, "ಬಾಳ ಚೆನ್ನಾಗಿ ಓದ್ದೆ ಮಗಳೇ. ಯಾವೂರ ಕಡೆಯೋರು ಅವ್ರು?" ಎಂದರು.

ನಮ್ಮ ಕಡೆ ಮಾತು ಶುರುವಾಗುವುದೇ ಆ ಪ್ರಶ್ನೆಯಿಂದ. ಬಸ್ಸಿನಲ್ಲಿ, ಮದುವೆಯಲ್ಲಿ, ಆಸ್ಪತ್ರೆಯಲ್ಲಿ, ಯಾರು ಸಿಕ್ಕರೂ ಯಾವೂರು ಎನ್ನುತ್ತೇವೆ. ಕೇಳಿದವರಿಗೆ ಊರು ಹೇಳದಿರುವುದು, ಬಾಗಿಲಿಗೆ ಬಂದವರಿಗೆ ನೀರು ಕೊಡದಿದ್ದ ಹಾಗೆ. ಅಷ್ಟು ಓದಿದ್ದವಳು ನಾನು. ಕೇಳಿದ ಕೂಡಲೇ ಊರಿನ ಹೆಸರು ಬಾಯಿಗೆ ಬಂತು. ಆ ಹೆಸರನ್ನು ಇಲ್ಲಿ ಬರೆಯಲಾರೆ. "ಓ... ಹಂಗಾ" ಎಂದು ಅವರು ಲೋಟ ಕೆಳಗಿಟ್ಟರು. ಕೆಟ್ಟ ಮನುಷ್ಯರೇನಲ್ಲ. ಯಾರಿಗೋ ಹೇಳಿರಬೇಕು. ಅವರು ಇನ್ನೊಬ್ಬರಿಗೆ...

ಹತ್ತು ದಿನ ಬಿಟ್ಟು ಶಾಲೆಗೆ ಹೋದಾಗ ಮುಖ್ಯೋಪಾಧ್ಯಾಯರ ಕೋಣೆಯ ತುಂಬ ಪೋಷಕರಿದ್ದರು. "ಎಣ್ಣುಮಕ್ಳನ್ನ ಇವನ್ ಜೊತೆ ಕಳಿಸ್ತಿದ್ರಲ್ಲ, ನಿಮ್ಗೆ ಬುದ್ಧಿ ಬ್ಯಾಡ್ವಾ ಸಾ? ಈಗ್ಲೂ ಬಾಯಲ್ಲಿ ಲವಂಗ ಅದೆ ನೋಡಿ, ಯಾತಕ್ಕೆ?" ಎಂದು ಒಬ್ಬರು ಕೂಗುತ್ತಿದ್ದರು. ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು.

ಹುಡುಗಿಯರ ತಂಡವನ್ನು ಜಿಲ್ಲಾ ಪಂದ್ಯಕ್ಕೆ ಕಳಿಸಲಿಲ್ಲ. ಮೇಷ್ಟ್ರನ್ನು ಅರಕಲಗೂಡು ತಾಲ್ಲೂಕಿನ ಮೂಲೆಯ ಒಂದು ಶಾಲೆಗೆ ನಿಯೋಜನೆ ಎಂದು ಹಾಕಿದರು. ಅವರು ಹೊರಡುವ ದಿನ ಹೊಂಗೆ ಮರದ ಹತ್ತಿರ ಸೀಟಿ, ರಿಜಿಸ್ಟರುಗಳನ್ನು ಒಪ್ಪಿಸುತ್ತಿದ್ದರು. ಹುಡುಗಿಯರು ಸುತ್ತ ನಿಂತು ಅಳುತ್ತಿದ್ದರು. ಆ ಒಂಬತ್ತನೇ ತರಗತಿಯವಳು ನನ್ನ ಕಡೆ ತಿರುಗಿ, "ಅಕ್ಕ, ಸಾ ಈಗ ಕುಡಿಯಾಕಿಲ್ಲ. ಯಾರಕ್ಕ ಯೋಳಿದ್ದು?" ಎಂದಳು.

"ನನಗೆ ಗೊತ್ತಿಲ್ಲ" ಎಂದೆ.

ಮೇಷ್ಟ್ರು ತಲೆಯೆತ್ತಿ ನನ್ನನ್ನು ನೋಡಿದರು. ಆ ಕತೆಯನ್ನು ತಾವು ಯಾರಿಗೆ ಹೇಳಿದ್ದರು ಎಂಬುದು ಅವರಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? "ಬುಡವ್ವ, ಅವ್ರನ್ಯಾಕೆ ಕೇಳೀಯೆ. ಅವ್ರಿಗೇನ್ ಗೊತ್ತು" ಎಂದರು. ಮತ್ತೆ ಸೀಟಿಗಳನ್ನು ಎಣಿಸತೊಡಗಿದರು.

ಆ ವರದಿಗೆ ನಮ್ಮ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಅರಕಲಗೂಡಿಗೆ ಹೋಗಿ ಅವರನ್ನು ಕಾಣಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ಹಾಸನದಿಂದ ದೂರವೇನಲ್ಲ. ಬಸ್ಸುಗಳೂ ಇದ್ದವು. ಹೋಗಲಿಲ್ಲ.

ಮೊನ್ನೆ ತರಬೇತಿ ಮುಗಿದ ಮೇಲೆ ಆ ಶಿಕ್ಷಕಿ ನನ್ನ ಜೊತೆಯೇ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿಗೆ ನಡೆದು ಬಂದರು. "ಸಾ ತೀರ್ಕೊಂಡು ನಾಲ್ಕು ವರ್ಷ ಆಯ್ತು ಅಕ್ಕ. ಕೊನೇವರೆಗೂ ಒಂದು ತೊಟ್ಟು ಮುಟ್ಲಿಲ್ಲ. ಆದ್ರೆ ಅರಕಲಗೂಡಿನ ಆ ಸ್ಕೂಲಲ್ಲಿ ಮಕ್ಕಳ ಹತ್ರ ಆಟ ಬಿಟ್ಟು ಬೇರೆ ಮಾತೇ ಆಡ್ತಿರ್ಲಿಲ್ವಂತೆ" ಎಂದರು. ಸ್ವಲ್ಪ ದೂರ ನಡೆದು, "ನಮ್ಮ ಸ್ಕೂಲಿನ ಗುಮಾಸ್ತ್ರೇ ಹಬ್ಬಿಸಿದ್ದು ಅಂತ ನಾವೆಲ್ಲ ಅವರನ್ನ ಮಾತಾಡಿಸೋದೇ ಬಿಟ್ವಿ. ಮೊನ್ನೆ ಒಂದು ಮದ್ವೇಲಿ ಎದುರಿಗೆ ಸಿಕ್ಕಿದ್ರು. ಮುಖ ತಿರುಗಿಸ್ಕೊಂಡು ಬಂದೆ" ಎಂದರು.

ನಾನು ನಿಂತೆ. "ಗುಮಾಸ್ತರಲ್ಲ. ನಾನು" ಎಂದೆ. ಬಸ್ಸಿನಲ್ಲಿ ಬರೆದದ್ದು, ಓದಿದ್ದು, ಊರು ಹೇಳಿದ್ದು, ಎಲ್ಲ ಹೇಳಿದೆ. ಕೊನೆಗೆ ಕೇಳಿದರು, "ಸಾ ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ನನ್ನ ಮುಖ ನೋಡದೆ, "ನಾಳೆ ಆ ಗುಮಾಸ್ತ್ರ ಮನೆಗೆ ಹೋಗ್ತೀನಿ. ಬರ್ತೀನಿ ಮೇಡಂ" ಎಂದರು.

ನಾನೂ ಬರುತ್ತೇನೆ ಎಂದೆ. ಬಸ್ಸು ಹೊರಟಿತ್ತು. ಕೇಳಿಸಿತೋ ಇಲ್ಲವೋ... ಗುಮಾಸ್ತರ ಮನೆಗಾದರೆ ಈಗಲೂ ಹೋಗಬಹುದು. ಮೇಷ್ಟ್ರ ಮುಂದೆ ನಿಂತು ಹೇಳುವುದು ಇನ್ನಾಗುವುದಿಲ್ಲ.