ಇಳಿಜಾರಿನಲ್ಲಿ ಇಂಜಿನ್ ಆರಿಸುವವರು

ನನ್ನ ಗಂಡ ಕೆಂಪರಾಜುಗೆ ಮೈಲೇಜಿನ ಹುಚ್ಚು. ಅಂಥಿಂಥ ಹುಚ್ಚಲ್ಲ! ಕಾರು ಹಗುರವಾಗಲಿ ಎಂದು ಸ್ಟೆಪ್ನಿಯನ್ನೇ ಇಳಿಸಿ ಕೊಟ್ಟಿಗೆಯಲ್ಲಿಟ್ಟ ಪುಣ್ಯಾತ್ಮ. ಏಪ್ರಿಲ್ ಬಿಸಿಲಲ್ಲೂ ಎಸಿ ಹಾಕುವುದಿಲ್ಲ. ನಮ್ಮತ್ತೆ ಮುನಿಲಕ್ಷ್ಮಮ್ಮನ ಎಲೆಅಡಿಕೆ ಚೀಲವನ್ನು ತೂಗಿ ನೋಡುವುದೊಂದು ಬಾಕಿ. ನಾನೂ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ಮಾಡಿಸಿದೆ. ಏನು ಬಂತು? “ನೀನ್ ಓಡ್ಸಿದ್ರೆ ಮೈಲೇಜ್ ಬಿದ್ದೋಗುತ್ತೆ ಕಣೇ ಶಶಿ” ಎಂದು ಕೀ ಕೊಡಲೇ ಇಲ್ಲ.

ಇಳಿಜಾರು ಕಂಡರೆ ಸಾಕು, ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಆರಿಸಿಬಿಡುತ್ತಿದ್ದರು. ದೊಡ್ಡಬಳ್ಳಾಪುರದಿಂದ ದ್ರಾಕ್ಷಿ ಹೇರಿಕೊಂಡು ಹಳೇ ಟೆಂಪೋ ಓಡಿಸುತ್ತಿದ್ದ ಕಾಲದ ಚಾಳಿ ಅದು.

“ಈ ಕಾರಿನ ಬ್ರೇಕು ಇಂಜಿನ್ ಓಡ್ತಿದ್ರೇನೇ ಸರಿಯಾಗಿ ಹಿಡಿಯೋದಂತೆ ರೀ. ಆರಿಸಿದ್ರೆ ಎರಡ್ಮೂರು ಸಲ ಒತ್ತೋದ್ರಲ್ಲಿ ಪೆಡಲ್ ಗಟ್ಟಿಯಾಗುತ್ತಂತೆ. ಗೇರಲ್ಲಿಟ್ಟು ಆಕ್ಸಿಲೇಟರ್ ಬಿಟ್ರೆ ಇಳಿಜಾರಲ್ಲಿ ಪೆಟ್ರೋಲೇ ಹೋಗಲ್ವಂತೆ. ನಮಗೆ ಕಲಿಸಿದ ಮೆಹ್ನಾಜ್ ಮೇಡಂ ಹೇಳಿದ್ರು,” ಎಂದೆ ಒಂದು ಸಲ.

“ತಿರುಗೋ ಇಂಜಿನ್ ಪೆಟ್ರೋಲ್ ಕುಡೀದೆ ಗಾಳಿ ಕುಡಿಯುತ್ತಾ?” ಎಂದು ನಕ್ಕರು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುವುದು ಸುಳ್ಳಲ್ಲ.

ಮೊನ್ನೆ ಮಂಗಳವಾರ ಘಾಟಿ ದೇವಸ್ಥಾನಕ್ಕೆ ಹೋಗಿದ್ದೆವು. ಬಹಳ ವರ್ಷ ಮಕ್ಕಳಾಗದೆ, ಅಲ್ಲಿ ನಾಗರಕಲ್ಲು ನಿಲ್ಲಿಸಿದ ಮೇಲೆ ಹುಟ್ಟಿದವಳು ನಮ್ಮ ಚೈತ್ರ. ಪ್ರತಿವರ್ಷ ಅವಳ ಕೈಯಲ್ಲೇ ಆ ಕಲ್ಲಿಗೆ ಹಾಲಿನ ತನಿ ಎರೆಸುತ್ತೇವೆ. ಪೂಜೆ ಮುಗಿಸಿ ಹೊರಟೆವು. ನಾನು ಮುಂದೆ, ಅತ್ತೆ ಮತ್ತು ಚೈತ್ರ ಹಿಂದೆ. ಗುಡ್ಡದ ಇಳಿಜಾರು ಶುರುವಾದದ್ದೇ ತಡ, ಟಕ್ ಎಂದು ಇಂಜಿನ್ ಆರಿಸಿದರು.

“ಬೇಡ ರೀ, ಮಗು ಇದೆ.”

“ಸುಮ್ನಿರೇ.”

ರಸ್ತೆಯಲ್ಲಿ ಕೋತಿಗಳಿದ್ದವು. ಟೆಂಪೋದಲ್ಲಿ ಮಾಡುತ್ತಿದ್ದ ಹಾಗೆ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಕೋತಿಗಳೇನೋ ಓಡಿದವು. ಕಾರು ಮತ್ತೆ ವೇಗ ಹಿಡಿಯಿತು. ಅವರು ಇನ್ನೊಮ್ಮೆ ಒತ್ತಿದಾಗ ಪೆಡಲ್ ಕೆಳಗಿಳಿಯಲೇ ಇಲ್ಲ.

“ಕಲ್ಲಾಗ್ಬಿಟ್ಟಿದೆ ಕಣೇ, ಹಿಡೀತಿಲ್ಲ!”

ಮುಂದೆ ತಿರುವು. ತಿರುವಿನಿಂದ ಬಸ್ಸೊಂದು ಹಾರನ್ ಹೊಡೆಯುತ್ತಾ ಮೇಲೆ ಬರುತ್ತಿತ್ತು. ಅವರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಜಗ್ಗುತ್ತಿದ್ದರು, ಅದೂ ಬಿಗಿದುಕೊಂಡಿತ್ತು. ಹಿಂದಿನಿಂದ ಚೈತ್ರ “ಅಪ್ಪಾ!” ಎಂದು ಕಿರುಚಿದಳು. ನಾನು ಬಗ್ಗಿ, ಅವರ ತೋಳಿನ ಕೆಳಗೆ ಕೈ ತೂರಿಸಿ ಕೀ ತಿರುಗಿಸಿದೆ. ಇಂಜಿನ್ ಕೆಮ್ಮಿತು. ಬಿಡದೆ ಇನ್ನೊಮ್ಮೆ ತಿರುಗಿಸಿದೆ, ಹತ್ತಿಕೊಂಡಿತು.

“ಒತ್ರೀ ಈಗ!”

ಒತ್ತಿದರು. ಕಾರು ಕಿರ್ರೆಂದು ಎಡಕ್ಕೆ ಜಾರಿ, ರಸ್ತೆ ಅಂಚಿನ ಮಣ್ಣಿನ ಮೇಲೆ ನಿಂತಿತು. ಬಸ್ಸು ನಮ್ಮ ಕನ್ನಡಿಗೆ ತಾಗುವಷ್ಟು ಹತ್ತಿರದಲ್ಲೇ ದಾಟಿಹೋಯಿತು. ಅದರ ಡ್ರೈವರ್ ಬೈದದ್ದನ್ನು ಇಲ್ಲಿ ಬರೆಯಲಾರೆ.

ಇಳಿದು ಆ ಕಡೆ ಹೋಗಿ ಬಾಗಿಲು ತೆಗೆದೆ. “ಇಳೀರಿ.”

ಇಳಿದು ನನ್ನ ಸೀಟಿನಲ್ಲಿ ಕೂತರು. ನಾನು ಎರಡನೇ ಗೇರಿನಲ್ಲಿಟ್ಟು ನಿಧಾನಕ್ಕೆ ಇಳಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವರ ಕಣ್ಣು ಎದುರಿನ ಮೀಟರಿನತ್ತ ಹೊರಳಿತು.

“ಶಶಿ... ಪೆಟ್ರೋಲ್ ಖರ್ಚು ಸೊನ್ನೆ ತೋರಿಸ್ತಿದೆ ಕಣೇ. ಗೇರಲ್ಲೇ ಇದ್ರೂ ಸೊನ್ನೆ!”

ನನಗೆ ಉರಿದುಹೋಯಿತು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನಿಂದ ಅತ್ತೆಯ ದನಿ ಬಂತು.

“ಲೇ ಕೆಂಪ, ಆ ಮೀಟ್ರು ನೋಡಿದ್ದು ಸಾಕು. ಹಿಂದಕ್ಕೆ ತಿರುಗಿ ನಿನ್ ಮಗೀನ್ ನೋಡ್ಲಾ.”

ತಿರುಗಿದರು. ಚೈತ್ರ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿಕೊಂಡಿದ್ದಳು.

“ಪುಟ್ಟಿ, ಬಾ ಇಲ್ಲಿ,” ಎಂದು ಕೈ ಚಾಚಿದರು.

ಅವಳು ಅಜ್ಜಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮನೆ ಬರುವವರೆಗೂ ಅಪ್ಪನ ಕೈ ಹಾಗೇ ಚಾಚಿಕೊಂಡಿತ್ತು.